ಟಕ್ ಎನ್ನದ ಕ್ಯಾಮೆರಾ

ಮೂವತ್ತೈದು ವರ್ಷ ಊರಿನವರ ಮುಖಗಳನ್ನೆಲ್ಲ ತೆಗೆದ ಸ್ಟುಡಿಯೋದವನಿಗೆ ಒಂದೇ ಒಂದು ನಗುಮುಖ ಮಾತ್ರ ಕೈಗೆ ಸಿಕ್ಕಿರಲಿಲ್ಲ. ಅದು ಅವನ ಸ್ವಂತ ಅಕ್ಕನದು. ಅಕ್ಕ ನಕ್ಕರೆ ಕೊಟ್ಟಿಗೆಯ ಹಸುಗಳೂ ಮೇವು ಬಿಟ್ಟು ತಿರುಗಿ ನೋಡುತ್ತಿದ್ದವು. ಆದರೆ ಮೇಲಿನ ಸಾಲಿನಲ್ಲಿ ಹಲ್ಲಿನ ಮೇಲೊಂದು ಹಲ್ಲು ಏರಿತ್ತು. ಕ್ಯಾಮೆರಾ ಕಂಡೊಡನೆ ಅವಳು ಬಾಯಿಗೆ ಹೊಲಿಗೆ ಹಾಕಿದ ಗೋಣಿಚೀಲವಾಗುತ್ತಿದ್ದಳು. ‘ಟಕ್’ ಎಂಬ ಸದ್ದು ಕೇಳುವವರೆಗೆ ಉಸಿರೂ ಬಿಡುತ್ತಿರಲಿಲ್ಲ. ಕೇಳಿದ ಮೇಲೆ ನಗುತ್ತಿದ್ದಳು. ಅವನು ಮತ್ತೆ ಕ್ಯಾಮೆರಾ ಎತ್ತುವಷ್ಟರಲ್ಲಿ ಕೈ ಬಾಯಿಗೆ ಅಡ್ಡ ಬಂದಿರುತ್ತಿತ್ತು.

ಈಗ ಹಲ್ಲುಗಳೆಲ್ಲ ಸಡಿಲವಾಗಿದ್ದವು. ನಾಳೆ ಡಾಕ್ಟರು ಅಷ್ಟನ್ನೂ ಕೀಳುವವರಿದ್ದರು. ಆ ನಗುವಿಗೆ ಉಳಿದದ್ದು ಇದೊಂದೇ ಬೆಳಗು.

ಕ್ಯಾಮೆರಾ ನಿನ್ನೆಯಷ್ಟೇ ಬಂದಿತ್ತು. ಈ ತಿಂಗಳು ಹೊರಬಿದ್ದ, ಒಳಗೆ ಕನ್ನಡಿಯೇ ಇಲ್ಲದ ಮಿರರ್‌ಲೆಸ್. ಹಳೆಯದು ಕೊರಳಿಗೆ ಕಟ್ಟಿದ ಕಲ್ಲು. ಇದರ ಹಿಡಿಗೆ ಕೈ ಹಾಕಿದರೆ, ಕೈಗೆ ಪಳಗಿದ ಕುಡುಗೋಲು ಹಿಡಿದಂತೆ ಬೆರಳುಗಳು ತಾವಾಗಿಯೇ ಕೂರುತ್ತಿದ್ದವು. ಬ್ಯಾಟರಿ ಮಾತ್ರ ಎಳೆಗರು ಕೆಚ್ಚಲು ಹೀರಿದಂತೆ ಬೇಗ ಬರಿದಾಗುತ್ತಿತ್ತು, ಅದೊಂದು ಕೊರತೆ.

“ಹೊಸದಾ? ತೆಗಿ ಬೇಗ, ಡೈರಿಗೆ ಹಾಲು ಹಾಕೋಕೆ ಹೊತ್ತಾಯ್ತು,” ಎಂದು ಅಕ್ಕ ಕೊಟ್ಟಿಗೆಯ ಬಾಗಿಲಲ್ಲಿ ಬಕೆಟ್ ಬೋರಲು ಹಾಕಿ ಕೂತಳು. ಬಾಯಿ ಮುಚ್ಚಿತು.

ಅವನು ಕ್ಯಾಮೆರಾದ ಕಿಂಡಿಗೆ ಕಣ್ಣಿಟ್ಟ. ಬರಿಗಣ್ಣಿಗೆ ಮಬ್ಬಾಗಿದ್ದ ಕೊಟ್ಟಿಗೆ ಅದರೊಳಗೆ ಬೆಳಕಾಗಿ ಕಂಡಿತು. ಅಕ್ಕನ ಕಣ್ಣಿನ ಮೇಲೊಂದು ಪುಟ್ಟ ಚೌಕ ಕೂತು, ಅವಳು ತಲೆ ಕೊಡವಿದರೂ ಹಸುವಿನ ಮೈಯ ಉಣ್ಣಿಯಂತೆ ಅಂಟಿಕೊಂಡಿತು. ಇತ್ತೀಚೆಗೆ ನಡುಗತೊಡಗಿದ್ದ ಅವನ ಕೈಯನ್ನು ಕ್ಯಾಮೆರಾ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಗುಂಡಿ ಒತ್ತಿದ. ಸದ್ದೇ ಇಲ್ಲ.

ಅಕ್ಕ ಕಾದಳು. ಮುಖ ಕೆಂಪಾಯಿತು. ಕೊನೆಗೆ ಬುಸ್ಸೆಂದು ಉಸಿರು ಬಿಟ್ಟಳು.

“ಒತ್ತೋ, ಎಷ್ಟೊತ್ತು ಹೀಗೆ ಕೂರಿಸ್ತೀಯ?”

“ಒತ್ತಿದೀನಿ ಅಕ್ಕ.”

“ಟಕ್ ಅನ್ಲೇ ಇಲ್ಲ?”

“ಇದು ಅನ್ನಲ್ಲ. ಈಗ್ಲೂ ಒತ್ತುತ್ತಾನೇ ಇದೀನಿ.”

“ಒತ್ತು, ಒತ್ತು. ಮೂಗಬಸವನ್ನ ಕೊಟ್ಟು ನಿನಗೆ ಟೋಪಿ ಹಾಕಿದಾರೆ, ಪೆದ್ದ. ಇಷ್ಟು ದಿನ ಊರಿಗೆಲ್ಲ ‘ನಗಿ, ನಗಿ’ ಅಂತ ಅಂಗಲಾಚ್ತಿದ್ದೆ. ಇನ್ಮೇಲೆ ನೀನು ಕೇಳೋದೇ ಬೇಡ, ನಿನ್ನ ನೋಡಿ ಅವರೇ ನಗ್ತಾರೆ.”

ತನ್ನ ಮಾತಿಗೆ ತನಗೇ ನಗು ತಡೆಯಲಾಗದೆ ಅಕ್ಕ ಎರಡೂ ಕೈಗಳಿಂದ ಹೊಟ್ಟೆ ಹಿಡಿದುಕೊಂಡಳು. ಬಾಯಿ ಮುಚ್ಚಲು ಮೂರನೆಯ ಕೈ ಇರಲಿಲ್ಲ. ಹಿಂದಿನ ಹಸು ಮೇವು ಬಿಟ್ಟು ತಿರುಗಿ ನೋಡಿತು.

ಅವನು ಹತ್ತಿರ ಹೋಗಿ ಹಿಂಬದಿಯ ಪರದೆ ತೋರಿಸಿದ. ಬೆರಳಾಡಿಸಿ ಹಿಗ್ಗಿಸಿದ. ಹುಬ್ಬಿಗೆ ಅಂಟಿದ ಹುಲ್ಲಿನ ಎಳೆ, ಕಣ್ಣಂಚಿನ ನೀರು, ಹಲ್ಲಿನ ಮೇಲೇರಿ ಕೂತ ಆ ಹಲ್ಲು, ಒಂದೂ ಬಿಟ್ಟಿರಲಿಲ್ಲ. ‘ಅಳಿಸು’ ಎನ್ನುತ್ತಾಳೆಂದು ಅವನು ಅಂಜಿದ. ಅಕ್ಕ ಕೈ ಒರೆಸಿಕೊಂಡು, ಹಾಲಿನ ಹೊತ್ತನ್ನೂ ಮರೆತು ನೋಡಿದಳು.

“ಇದನ್ನ ದೊಡ್ಡದಾಗಿ ಮಾಡಿಸಿ ಕೊಡು. ನಾಳೆ ಡಾಕ್ಟರಿಗೆ ತೋರಿಸ್ಬೇಕು.”

“ಅವರಿಗ್ಯಾಕೆ?”

“ಹೊಸ ಹಲ್ಲು ಕಟ್ಟೋವಾಗ ಇದೊಂದನ್ನ ಹೀಗೇ ಏರಿಸಿ ಕಟ್ಟಲಿ,” ಎಂದು ಅಕ್ಕ ಹಾಲಿನ ಕ್ಯಾನು ಎತ್ತಿಕೊಂಡಳು.