ಕೆನ್ನಿಪ್ ಗಿಡಕ್ಕೆ ರಾತ್ರಿಯಿಲ್ಲ

ಗಂಡ ವಿಬೋಲನನ್ನು ಸುಟ್ಟು ಬಂದ ಮರುದಿನ ಬೆಳಿಗ್ಗೆ ಚಂತೂ ಎಂದಿನಂತೆ ಸೊಂಟಕ್ಕೆ ಕೂರುವ ದಿಂಬು ಕಟ್ಟಿಕೊಂಡು, ಕೊರಿಯನ್ನರು ಅನ್ನಕ್ಕೆ ಸುತ್ತಿ ತಿನ್ನುವ ಕೆನ್ನಿಪ್ ಸೊಪ್ಪಿನ ಸಾಲಿನಲ್ಲಿ ಕೂತಳು. ಎಡಗೈ ಗಿಡ ಹಿಡಿಯಿತು. ಬಲಗೈ ಎಲೆ ಕಿತ್ತಿತು. ಹತ್ತು ಎಲೆಗೆ ಒಂದು ಕಟ್ಟು. ಗಂಡ ಸತ್ತದ್ದು ಬೆರಳುಗಳಿಗೆ ಇನ್ನೂ ಗೊತ್ತಾಗಿರಲಿಲ್ಲ.

ಪಕ್ಕದ ಸಾಲಿನಿಂದ ಮಾಲಿಸ್ ಬಗ್ಗಿ ನೋಡಿದಳು. ಇಬ್ಬರೂ ಕಾಂಬೋಡಿಯಾದಿಂದ ಕೊರಿಯಾಕ್ಕೆ ಒಟ್ಟಿಗೇ ಕೂಲಿಗೆ ಬಂದವರು.

“ಇವತ್ತಾದ್ರೂ ಮಲಗಬಾರದಿತ್ತಾ ಅಕ್ಕಾ?”

“ಎಲ್ಲಿ ಮಲಗಲಿ?”

ಮಾಲಿಸ್ ಮೇಲೆ ತೂಗುತ್ತಿದ್ದ ಬಲ್ಬುಗಳನ್ನು ನೋಡಿದಳು.

ಉದ್ದನೆಯ ರಾತ್ರಿ ಸಿಕ್ಕಿದರೆ ಕೆನ್ನಿಪ್ ಗಿಡ ಹೂವಿಗೆ ತಿರುಗುತ್ತದೆ. ಹೂವಿಗೆ ತಿರುಗಿದರೆ ಎಲೆ ಬರುವುದು ನಿಲ್ಲುತ್ತದೆ. ಅದಕ್ಕೇ ಧಣಿ ಬಾಂಗ್ ಪಾಲಿಹೌಸಿನಲ್ಲಿ ರಾತ್ರಿ ದೀಪ ಉರಿಸಿ ಗಿಡವನ್ನು ಏಮಾರಿಸುತ್ತಿದ್ದ. ಚಂತೂ ಇದನ್ನು ತನ್ನ ದೇಶದ ವಿಶ್ವವಿದ್ಯಾಲಯದಲ್ಲಿ ಓದಿದ್ದಳು. ಎಲೆ ಕತ್ತಲನ್ನು ಅಳೆಯುತ್ತದೆ. ಕತ್ತಲು ಸಾಕಷ್ಟಾದರೆ ಎಲೆಯಲ್ಲಿ ಒಂದು ಹಾರ್ಮೋನು ಹುಟ್ಟಿ, ತುದಿಗೆ ಹೋಗಿ, ಮೊಗ್ಗಾಗು ಎನ್ನುತ್ತದೆ. ಮನುಷ್ಯನ ತಲೆಯೊಳಗೂ ಕತ್ತಲಲ್ಲಿ ಜಿನುಗುವ ಹಾರ್ಮೋನು ಇದೆ. ಅದು ಮಲಗು ಎನ್ನುತ್ತದೆ. ಎರಡನ್ನೂ ಅವಳು ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರೆದಿದ್ದಳು. ಆ ದೀಪದ ಕೆಳಗೇ ಸಂಸಾರ ಮಾಡಬೇಕಾಗುತ್ತದೆಂದು ಯಾವ ಮೇಷ್ಟರೂ ಹೇಳಿರಲಿಲ್ಲ.

ಕೂಲಿಯವರ ಕೋಣೆಗಳು ಪಾಲಿಹೌಸಿನ ಮೂಲೆಯಲ್ಲೇ ಇದ್ದವು. ಸುತ್ತ ಪ್ಲೈವುಡ್, ಮೇಲೆ ಬರೀ ಪ್ಲಾಸ್ಟಿಕ್; ದೀಪದ ಬೆಳಕು ನೇರ ಹಾಸಿಗೆಗೇ ಬೀಳುತ್ತಿತ್ತು.

“ಒಂದೇ ದೀಪ ನೋಡಕ್ಕಾ,” ಮಾಲಿಸ್ ಎಲೆ ಕಟ್ಟುತ್ತಾ ಅಂದಳು. “ಗಿಡ ಹೂ ಬಿಡಂಗಿಲ್ಲ. ಧಣಿ ಹೆಂಡ್ತಿ ಕೋಳಿ ಚಳಿಗಾಲದಲ್ಲೂ ಮೊಟ್ಟೆ ಇಡದೆ ಇರಂಗಿಲ್ಲ. ನನ್ನ ಮುಟ್ಟು ನಿಂತೇಹೋಗಿದೆ. ಡಾಕ್ಟ್ರು ಬಸುರಾ ಅಂತ ಕೇಳ್ದ. ಯಾರಿಗಪ್ಪಾ ಬಸುರಾಗ್ಲಿ, ಆ ಬಲ್ಬಿಗಾ ಅಂದೆ.”

ನಗಬೇಕಾದ ಮಾತು ಎಂದು ಚಂತೂಗೆ ತಿಳಿಯಿತು. ನಗು ಬರಲಿಲ್ಲ.

ವಿಬೋಲ್ ಎಲೆಪೆಟ್ಟಿಗೆಯ ಮೋಟಾರು ಗಾಡಿ ಓಡಿಸುತ್ತಾ ತೂಕಡಿಸಿದ್ದ. ಗಾಡಿಯ ಸಮೇತ ಕಾಲುವೆಗೆ ಬಿದ್ದಿದ್ದ. ನಡುಹಗಲಲ್ಲಿ.

ಧಣಿ ಬಾಂಗ್ ಬಂದು ಸಾಲಿನ ತುದಿಯಲ್ಲಿ ನಿಂತ.

“ಮಧ್ಯಾಹ್ನ ಕಾರ್ಮಿಕ ಇಲಾಖೆಯವನು ಬರ್ತಾನೆ. ಎಲ್ಲಿ ಮಲಗ್ತೀರಿ ಅಂದ್ರೆ ಊರೊಳಗಿನ ಮನೇಲಿ ಅನ್ಬೇಕು. ನಿಮ್ಮ ಚಪ್ಪಲಿ ಆಗ್ಲೇ ಅಲ್ಲಿ ಬಾಗ್ಲಲ್ಲಿ ಇಡ್ಸಿದೀನಿ.”

“ಆ ಮನೆಯೊಳಗೆ ನಾವು ಕಾಲೇ ಇಟ್ಟಿಲ್ಲ, ಧಣಿ.”

“ಚಪ್ಪಲಿ ಇದೆಯಲ್ಲ, ಸಾಕು. ನಿನ್ನ ಗಂಡ ರಾತ್ರಿಯೆಲ್ಲ ಫೋನ್ ನೋಡ್ತಿದ್ದ, ಅದಕ್ಕೇ ತೂಕಡಿಸ್ದ ಅನ್ನು. ನಾನು ಒಪ್ಪದೆ ನಿಮ್ಮಲ್ಲಿ ಯಾರೂ ಬೇರೆ ತೋಟಕ್ಕೆ ಹೋಗಂಗಿಲ್ಲ, ಗೊತ್ತಲ್ಲ? ಆಮೇಲೆ ಹಾಸಿಗೆಗೆ ಕಟ್ಟಿರೋ ಆ ಕರಿ ಬಟ್ಟೆ ಕಿತ್ತುಹಾಕು. ಅಸಹ್ಯ.”

ಕರಿ ಬಟ್ಟೆ ಪಕ್ಕದ ತೋಟದ ಪ್ಯೋ ಅಜ್ಜನದು. ಅಜ್ಜ ಬೇಸಿಗೆಯಲ್ಲಿ ಅದನ್ನು ಸೇವಂತಿಗೆಗೆ ಹೊದಿಸಿ, ಬೇಗ ಕತ್ತಲು ಮಾಡಿ ಹೂ ಬಿಡಿಸುತ್ತಿದ್ದ. ಚಳಿಗಾಲದಲ್ಲಿ ಅದಕ್ಕೆ ಕೆಲಸವಿಲ್ಲ. ವಿಬೋಲ್ ಒಂದು ತುಂಡು ಕೇಳಿ ತಂದಿದ್ದ. ಅದು ಒಂದು ಹಾಸಿಗೆಗಷ್ಟೇ ಸಾಕಾಯಿತು. ಅವಳ ಹಾಸಿಗೆಯ ಸುತ್ತ ಕಟ್ಟಿ, ತಾನು ಬೆಳಕಿನಲ್ಲೇ ಮಲಗಿದ. ಅವನ ಫೋನ್ ಹಾಳಾಗಿ ಎಷ್ಟೋ ದಿನವಾಗಿತ್ತು.

ಅಧಿಕಾರಿ ಊರೊಳಗಿನ ಮನೆಯ ಚಪ್ಪಲಿ ನೋಡಿ ಬಂದ. ಧಣಿ ಜೊತೆಯಲ್ಲೇ ಇದ್ದ. ಚಂತೂ ಸಾಲಿನಿಂದ ಎದ್ದಳು.

“ನಾವು ಅಲ್ಲಿ ಮಲಗಲ್ಲ ಸಾರ್. ಇಲ್ಲಿ. ಬನ್ನಿ, ನೋಡಿ. ನನ್ನ ಗಂಡನಿಗೆ ಚಳಿಗಾಲ ಪೂರ್ತಿ ನಿದ್ದೆಯಿಲ್ಲ. ಈ ದೀಪ ಬಿಡ್ಲಿಲ್ಲ.”

ಅಧಿಕಾರಿ ಕೋಣೆಯೊಳಗೆ ಬಂದು ತಲೆ ಎತ್ತಿದ.

“ದೀಪ ಉರೀತಿಲ್ವಲ್ಲಮ್ಮ.”

“ಈಗ ಹಗಲು ಸಾರ್.”

“ನಾನು ಕಂಡಿದ್ದನ್ನ ತಾನೇ ಬರೀಬೇಕು?”

“ರಾತ್ರಿ ಬನ್ನಿ.”

“ಆರಕ್ಕೆ ಕಚೇರಿ ಮುಚ್ಚುತ್ತೆ.” ಅವನು ಹಾಸಿಗೆಯ ಕಡೆ ತಿರುಗಿದ. “ಇದೇನಿದು, ಪರದೆನೂ ಇದೆಯಲ್ಲ! ಕತ್ತಲಾಗುತ್ತಲ್ಲ ಇದ್ರಲ್ಲಿ. ಯಾರು ಕೊಡ್ಸಿದ್ದು?”

“ನಾನೇ ಸಾರ್,” ಧಣಿ ಕಣ್ಣು ಮಿಟುಕಿಸದೆ ಹೇಳಿದ. “ಪಾಪ, ದೂರದಿಂದ ಬಂದವರು. ನಿದ್ದೆ ಚೆನ್ನಾಗಿ ಬರ್ಲಿ ಅಂತ.”

ಚಂತೂಗೆ ಎದೆಯೊಳಗೆ ಏನೋ ಅಲುಗಿತು. ಚಿತೆಯ ಮುಂದೆಯೂ ಅಲುಗದೇ ಇದ್ದದ್ದು.

“ಸುಳ್ಳು! ಇದು ಪ್ಯೋ ಅಜ್ಜಂದು. ನನ್ನ ಗಂಡ ಇಸ್ಕೊಂಡು ಬಂದಿದ್ದು. ಅವನಿಗೆ ಇದರ ಒಂದು ಅಂಚೂ ಸಿಕ್ಕಲಿಲ್ಲ!”

“ಅದು ನಿಮ್ಮನಿಮ್ಮ ವಿಷಯ,” ಎಂದ ಅಧಿಕಾರಿ. “ಪರದೆ ಇದೆ. ಅಷ್ಟು ಬರ್ಕೊಂಡಿದೀನಿ.”

ಕಾರು ಹೋದ ಮೇಲೂ ಧಣಿ ಬಾಗಿಲಲ್ಲೇ ನಿಂತಿದ್ದ. ದನಿ ಮೆತ್ತಗಾಗಿತ್ತು. “ಬಟ್ಟೆ ಹಾಗೇ ಇರ್ಲಿ, ಬಿಡು. ಇನ್ನೊಂದ್ಸಲ ಬಂದ್ರೆ ಬೇಕಾಗುತ್ತೆ.”

ಅವಳು ಹಾಸಿಗೆಯ ಮೇಲೆ ಹತ್ತಿ ವಿಬೋಲ್ ಹಾಕಿದ್ದ ಗಂಟುಗಳನ್ನು ಬಿಚ್ಚಿದಳು. ಬಿಗಿಯಾಗಿದ್ದವು. ಒಂದನ್ನು ಹಲ್ಲಿನಿಂದ ಬಿಡಿಸಿದಳು. ಹೊರಗೆ ಬಂದಾಗ ಸಾಲುಗಳಲ್ಲಿ ಹೆಂಗಸರೆಲ್ಲ ಎದ್ದು ನಿಂತಿದ್ದರು. ಅವಳು ಅವರಿಗೆ ತಮ್ಮ ಭಾಷೆಯಲ್ಲಿ ನಾಲ್ಕು ಮಾತು ಹೇಳಿದಳು. ಧಣಿಗೆ ಅರ್ಥವಾಗಲಿಲ್ಲ.

“ಏನಂದೆ? ಏ, ಏನಂದೆ ಅವ್ರಿಗೆ?”

ಒಬ್ಬೊಬ್ಬರಾಗಿ ದಿಂಬು ಬಿಚ್ಚಿ ನೆಲಕ್ಕೆ ಹಾಕಿದರು. ಮಾಲಿಸ್ ಬಟ್ಟೆಯ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಅದನ್ನು ಮಡಚಿಕೊಂಡು ಬದು ದಾಟಿದರು.

ಪ್ಯೋ ಅಜ್ಜ ಸೇವಂತಿಗೆ ಸಸಿಗಳ ನಡುವೆ ಇದ್ದ.

“ಅಜ್ಜಾ, ವಿಬೋಲ್ ಇಸ್ಕೊಂಡಿದ್ದ ಬಟ್ಟೆ.”

ಅಜ್ಜ ಕೈ ಚಾಚಲಿಲ್ಲ. “ನಂಗೆ ಇನ್ನೂ ಬೇಕಾಗಿಲ್ಲ ಕಣಮ್ಮಾ. ಇಟ್ಕೊ. ಇಲ್ದಿದ್ರೆ ಹೆಂಗೆ ಮಲಗ್ತೀಯ?”

“ಇವತ್ತಿಂದ ದೀಪ ಹಾಕೋಕೆ ಬಿಡಲ್ಲ ಅಜ್ಜ.”

“ಸ್ವಿಚ್ಚಿನ ಡಬ್ಬಿ ಮುಂದೆ ನಾವೆಲ್ಲ ಕೂರ್ತೀವಿ,” ಎಂದಳು ಮಾಲಿಸ್. “ನಮ್ಮನ್ನ ದಾಟ್ಕೊಂಡು ಹೋಗಿ ಹಾಕ್ಲಿ, ನೋಡೋಣ.”

ಅಜ್ಜ ಇಬ್ಬರ ಮುಖವನ್ನೂ ನೋಡಿದ. ಬೆಳಕು ಕತ್ತಲೆಗಳ ಲೆಕ್ಕದಲ್ಲೇ ಮುದುಕನಾದವನು ಅವನು.

“ಗಿಡವೆಲ್ಲ ಮೊಗ್ಗಿಗೆ ಬರುತ್ತಲ್ಲೇ ಹುಡುಗೀರಾ.”

ಚಂತೂ ಬಟ್ಟೆಯನ್ನು ಅವನ ತೋಳಿನ ಮೇಲಿಟ್ಟಳು.

“ಬರಲಿ,” ಎಂದಳು.