ಉದ್ಘಾಟನೆಗೆ ಬಂದ ಬಾಡಿದ ಗಿಡ

"ಅಯ್ಯೋ, ಬರಿಗೈಲಿ ಬಂದಿದ್ರೂ ಆಗ್ತಿತ್ತಲ್ಲ ತಾಯಿ, ಇದೆಲ್ಲ ಯಾಕೆ ತರೋಕೆ ಹೋದ್ರಿ!"

ಎನ್ನುತ್ತಲೇ ಕೃಷಿ ಸಂಶೋಧನಾ ಸಂಸ್ಥೆಯ ನಿರ್ದೇಶಕ ಆರ್ಕಿಲೆ, ರೈತ ಹೆಂಗಸು ಬುಕುರಿಯೆಯ ಕೈಯಿಂದ ಬಕೆಟ್ಟು ಇಸಿದುಕೊಂಡು, ಎದೆಯ ಮೇಲೆ ಕೈಯಿಟ್ಟು ತಲೆಬಾಗಿದರು.

ಬಕೆಟ್ಟಿನಲ್ಲಿದ್ದದ್ದು ಮೂರು ದಪ್ಪ ಮೆಣಸಿನಕಾಯಿ ಗಿಡ, ಬೇರು ಮಣ್ಣಿನ ಸಮೇತ. ಅವು ಉಡುಗೊರೆಯಲ್ಲ, ರೋಗಿಗಳು.

ಮ್ಯೂಜೆಕೆ ಬಯಲಿನ ಅವಳ ತುಂಡು ಹೊಲದಲ್ಲಿ ಗಿಡಗಳು ಜೋಲುಮೋರೆ ಹಾಕಿಕೊಂಡು ನಿಂತಿದ್ದವು. "ಬಾಯಾರಿಕೆ ಕಣೇ" ಎಂದು ಗಂಡ ನೂರಿ ನೀರು ಹಾಯಿಸಿದ. ಹಾಯಿಸಿದಷ್ಟೂ ಇನ್ನೊಂದು ಸಾಲು ಬಾಡಿತು. ನೀರು ಕಡಿಮೆಯಾಯಿತೋ ಹೆಚ್ಚಾಯಿತೋ, ಅಷ್ಟು ಗೊತ್ತಾದರೆ ಉಳಿದರ್ಧ ಹೊಲವಾದರೂ ದಕ್ಕೀತೆಂದು ಅವಳು ಬಸ್ಸು ಹತ್ತಿದ್ದಳು.

ಬಂದು ನೋಡಿದರೆ ಉದ್ಘಾಟನೆ! ಸಣ್ಣ ರೈತರ ಸೇವೆಗೆಂದು ವಿದೇಶಿ ನೆರವಿನಿಂದ ಸಂಸ್ಥೆಯನ್ನು ಬಲಪಡಿಸಿದ್ದರು. ಬಲವೆಲ್ಲ ಎದುರಿಗೇ ಕಾಣುತ್ತಿತ್ತು: ಅಮೃತಶಿಲೆಯ ಮೆಟ್ಟಿಲು, ಗಾಜಿನ ಸಭಾಂಗಣ, ಬುಸುಗುಡುವ ಕಾಫಿ ಯಂತ್ರ. ಸಣ್ಣ ರೈತರು ಮಾತ್ರ ಯಾಕೋ ಸಾಲದೆ ಹೋದದ್ದರಿಂದ ಬುಕುರಿಯೆಯನ್ನು ಸೀದಾ ಮುಂದಿನ ಕುರ್ಚಿಗೆ ನೂಕಿದರು.

ಇದು ಉಡುಗೊರೆಯಲ್ಲ ಎನ್ನಲು ಅವಳಿಗೆ ನಾಲಿಗೆ ಏಳಲಿಲ್ಲ. ಶುಭಕಾರ್ಯಕ್ಕೆ ಹಿಡಿದುಕೊಂಡು ಹೋದದ್ದನ್ನು ಮನೆಯವರು ಎದೆ ಮುಟ್ಟಿ ತೆಗೆದುಕೊಂಡ ಮೇಲೆ ವಾಪಸ್ಸು ಕೇಳುವುದುಂಟೇ? ಊರಿಗೆ ಸುದ್ದಿ ಹೋದರೆ ಮೊಮ್ಮಕ್ಕಳಿಗೂ ಹೆಣ್ಣು ಸಿಗಲಿಕ್ಕಿಲ್ಲ.

"ಪ್ರೊಫೆಸರೇ, ಈ ಗಿಡಕ್ಕೆ ಸ್ವಲ್ಪ ಹುಷಾರಿಲ್ಲ..."

"ಸಂಕೋಚ ಪಡಬೇಡಿ ತಾಯಿ. ಪ್ರೀತಿಯಿಂದ ತಂದದ್ದು ಹೇಗಿದ್ರೂ ಚೆಂದವೇ!" ಎಂದು ಆರ್ಕಿಲೆ ಅವಳ ಮಡಿಲಿಗೆ ಒಂದು ಡಬ್ಬಿ ಲೋಕುಮ್ ಮಿಠಾಯಿ ಇಟ್ಟರು.

ಸಸ್ಯರೋಗ ತಜ್ಞ ಥೆದೊರಿ ಕಾಫಿ ಯಂತ್ರದ ಮುಂದೆ ನಿಂತಿದ್ದ. ಬುಕುರಿಯೆ ಅಲ್ಲಿಗೇ ಹೋದಳು.

"ಡಾಕ್ಟ್ರೇ, ಒಂದೇ ಮಾತು. ಮೆಣಸಿನಗಿಡ ಬಾಡ್ತಿದೆ, ನೀರು ಹಾಯಿಸ್ಲೋ ಬೇಡ್ವೋ?"

"ಅಕ್ಕಾ, ಇವತ್ತು ರೈತರನ್ನ ನೋಡೋಕಾಗಲ್ಲ. ಇವತ್ತು ರೈತರ ದಿನ ಅಲ್ವಾ?"

ಅಷ್ಟರಲ್ಲಿ ಆರ್ಕಿಲೆಯವರ ಭಾಷಣ ರಂಗೇರಿತ್ತು. "ನೋಡಿ, ಜನ ತಾವಾಗಿಯೇ ಗಿಡ ತಂದು ಕೊಡ್ತಿದ್ದಾರೆ! ಇವನ್ನ ನಮ್ಮ ಹೊಸ ಹಸಿರುಮನೆಯಲ್ಲೇ ನೆಡೋಣ. ಉಪಮಂತ್ರಿಗಳ ಕೈಯಿಂದಲೇ!"

ದಂಡೆಲ್ಲ ಹಸಿರುಮನೆಗೆ ನುಗ್ಗಿತು. ರಾಜಧಾನಿ ತಿರಾನಾದಿಂದ ಬಂದ ಉಪಮಂತ್ರಿ ಬಕೆಟ್ಟಿನೊಳಗೆ ಇಣುಕಿ, "ಯಾಕೋ ಸೊರಗಿದ ಹಾಗಿದೆಯಲ್ಲ?" ಎಂದರು.

"ಬಸ್ಸಿನ ಆಯಾಸ ಸಾರ್," ಎಂದರು ಆರ್ಕಿಲೆ.

ಉಪಮಂತ್ರಿ ಗಿಡವನ್ನೆತ್ತಿ ಕೊಡವಿದರು. ಮಣ್ಣು ಎಲ್ಲರ ಕಾಲ ಮೇಲೆ ಉದುರಿತು. ಕಾಫಿ ಹೀರುತ್ತ ಬಂದ ಥೆದೊರಿಯ ಕಣ್ಣು ಕಪ್ಪಗಾದ ಕಾಂಡದ ಬುಡದ ಮೇಲೆ ಬಿತ್ತು. ಲೋಟ ಕೈಜಾರಿತು.

"ಇಡ್ರೀ ಕೆಳಗೆ! ಬುಡ ಕೊಳೆರೋಗ ಅದು! ನೀರು ಹರಿದಲ್ಲೆಲ್ಲ ಹಬ್ಬುತ್ತೆ, ನನ್ನ ಗಿಡ ಒಂದೂ ಉಳಿಯಲ್ಲ!"

ಬುಕುರಿಯೆ ಅವನ ಕೋಟಿನ ತೋಳು ಹಿಡಿದುಕೊಂಡಳು. "ಹಾಗಾದ್ರೆ ನೀರು ಹಾಯಿಸ್ಬಾರ್ದಾ?"

"ನಿಲ್ಲಿಸ್ಬೇಕು! ರೋಗ ಬಂದದ್ದನ್ನ ಕಿತ್ತು ಸುಡ್ಬೇಕು! ಇದಕ್ಕೆ ನೀರು ಹಾಯಿಸ್ತಿರೋ ಪೆದ್ದ ಯಾರು?"

"ನಮ್ಮೆಜಮಾನ್ರು," ಎಂದು ಅವಳು ಆಗಲೇ ಫೋನು ಕಿವಿಗಿಟ್ಟಿದ್ದಳು. "ನೂರೀ, ಮೊದ್ಲು ನೀರು ನಿಲ್ಸು. ಬಾಡಿದ್ದನ್ನೆಲ್ಲ ಕಿತ್ತು ಸುಡು... ಹೂಂ ಕಣೋ, ಡಾಕ್ಟ್ರೇ ಹೇಳಿದ್ದು. ಇನ್ನೊಂದು ಮಾತೂ ಅಂದ್ರು, ಮನೆಗೆ ಬಂದು ಹೇಳ್ತೀನಿ."

ಥೆದೊರಿ ಬಾಗಿಲಿಗೆ ಅಡ್ಡ ನಿಂತು, ಔಷಧಿ ನೀರಿನ ಬೋಗುಣಿ ತರಿಸಿದ. ಆ ಮಣ್ಣು ಮೆಟ್ಟಿದ ಒಂದು ಬೂಟೂ ಅದರಲ್ಲಿ ಅದ್ದದೆ ಹೊರಗೆ ಹೋಗುವಂತಿರಲಿಲ್ಲ. ನೆರವು ಕೊಟ್ಟ ವಿದೇಶಿಯರು ಸಾಲಾಗಿ ಬರಿಗಾಲಲ್ಲಿ ನಿಂತರು. ಉಪಮಂತ್ರಿ ಬುಕುರಿಯೆಯ ಹೆಗಲು ಹಿಡಿದು, ಒಂಟಿಗಾಲಲ್ಲಿ ತೂರಾಡುತ್ತ, ಇನ್ನೊಂದು ಬೂಟಿನ ಲಾಡಿ ಬಿಚ್ಚತೊಡಗಿದರು.