ಇಪ್ಪತ್ತೆರಡು ನಿಮಿಷದ ಕರೆಂಟು

ರುಸುಲ್‌ಳ ಮದುವೆಯಲ್ಲಿ ಹೆಂಗಸರ ಕೂಟದ ವಿಡಿಯೊ ತೆಗೆದವಳು ನಾನು. ಬಗ್ದಾದಿನ ನಮ್ಮ ಓಣಿಯಲ್ಲಿ, ತಲೆಗೆ ಬಟ್ಟೆಯಿಲ್ಲದೆ ಕುಣಿದ ಹೆಂಗಸರ ಟೇಪನ್ನು ಯಾರೂ ಗಂಡಸರ ಅಂಗಡಿಗೆ ಕೊಡುವುದಿಲ್ಲ. ಹಾಗಾಗಿ ಅದನ್ನು ಡಿಸ್ಕಿಗೆ ಇಳಿಸುವುದೂ ನನ್ನ ಮನೆಯಲ್ಲೇ, ಅಡುಗೆಮನೆಯ ಪಕ್ಕದ ಕೋಣೆಯಲ್ಲಿ.

ಮದುಮಗ ಮುಸನ್ನಾ ಹತ್ತು ದಿನಕ್ಕೆಂದು ಬಂದು, ಮದುವೆಯಾಗಿ, ಸ್ವೀಡನ್ನಿಗೆ ವಾಪಸು ಹೋಗಿದ್ದ. ರುಸುಲ್ ಅವನನ್ನು ಸೇರಬೇಕಾದರೆ ಭಾನುವಾರ ಜೋರ್ಡಾನಿನ ಅಮ್ಮಾನಿನಲ್ಲಿರುವ ವೀಸಾ ಕಚೇರಿಯಲ್ಲಿ ಮದುವೆಗೆ ಸಾಕ್ಷಿ ತೋರಿಸಬೇಕು. ಮುಸನ್ನಾ ಒಳಗೆ ಬಂದು ಅವಳಿಗೆ ಚಿನ್ನ ತೊಡಿಸಿದ್ದು ನನ್ನ ವಿಡಿಯೊದಲ್ಲಿ ಮಾತ್ರ ಇತ್ತು. ಕತ್ತರಿಸದ ವಿಡಿಯೊವೇ ಬೇಕೆಂದು ವಕೀಲ ಹೇಳಿದ್ದ. ಈ ತಾರೀಖು ತಪ್ಪಿದರೆ ಮುಂದಿನದು ಎಂಟು ತಿಂಗಳ ನಂತರ. ಅಮ್ಮಾನಿಗೆ ಹೋಗುವ ಕಾರು ಆ ಶುಕ್ರವಾರ ಮಧ್ಯಾಹ್ನ ಮೂರಕ್ಕೆ.

"ನೋಡೋ ಆಫೀಸರ್ ಗಂಡಸಾಗಿದ್ರೆ?" ಎಂದಳು ಅವಳ ತಾಯಿ ಸಬೀಹಾ.

"ಆಫೀಸರ್ ಗಂಡಸೂ ಅಲ್ಲ ಹೆಂಗಸೂ ಅಲ್ಲ ಕಣೇ, ಆಫೀಸು," ಎಂದೆ.

"ಅದರಲ್ಲಿ ನಾನು ಕುಣಿದಿರೋದೂ ಇದೆ."

"ಅದನ್ನ ನೋಡಿ ವೀಸಾ ಕೊಡದೇ ಇದ್ರೆ ಆಗ ಯೋಚನೆ ಮಾಡೋಣ."

ನನ್ನ ಹಳೇ ಯಂತ್ರಕ್ಕೆ ಒಂದು ಡಿಸ್ಕ್ ಬರೆಯಲು ಇಪ್ಪತ್ತೆರಡು ನಿಮಿಷ ಬೇಕು. ಮಧ್ಯೆ ಕರೆಂಟು ಕಣ್ಣು ಮಿಟುಕಿಸಿದರೂ ಆ ಡಿಸ್ಕ್ ಬಿಸಿ ಪಾತ್ರೆ ಇಡುವುದಕ್ಕೆ ಮಾತ್ರ ಆಗುತ್ತದೆ. ಯುಪಿಎಸ್‌ನ ಬ್ಯಾಟರಿ ಸತ್ತು ಆರು ತಿಂಗಳಾಗಿತ್ತು. ಬೆಳಿಗ್ಗೆಯಿಂದ ಎರಡು ಡಿಸ್ಕ್ ಹಾಳಾಗಿದ್ದವು. ಮೊದಲನೆಯದು, ಸರಕಾರಿ ಕರೆಂಟು ಬಂತೆಂದು ಓಣಿಗೆಲ್ಲ ಜನರೇಟರಿನ ಕರೆಂಟು ಮಾರುವ ಅಬು ನವ್ರಸ್ ತನ್ನ ಯಂತ್ರ ನಿಲ್ಲಿಸಿದಾಗ. ಎರಡನೆಯದು, ನನ್ನ ನಾದಿನಿ ಇಸ್ತ್ರಿಪೆಟ್ಟಿಗೆ ಹಾಕಿ ಫ್ಯೂಸ್ ಹಾರಿದಾಗ. ಉಳಿದಿದ್ದು ಒಂದೇ. ಡಿಸ್ಕ್ ಸಿಗುವ ಅಂಗಡಿ ನದಿಯ ಆಚೆ, ಸೇತುವೆ ಮುಚ್ಚಿತ್ತು.

ನಾನು ಗೋಡೆಯ ಮೇಲಿಂದ ಕೂಗಿದೆ. "ಅಬು ನವ್ರಸ್! ಸರಕಾರಿ ಕರೆಂಟು ಬಂದ್ರೂ ನಿಲ್ಲಿಸಬೇಡಿ. ನಾನು ಹೇಳೋವರೆಗೂ ಓಡಲಿ."

"ಉಮ್ ಸಲ್ವಾನ್, ಡೀಸೆಲ್ ಏನು ನಲ್ಲೀಲಿ ಬರುತ್ತಾ?"

"ರುಸುಲ್‌ದು ಕಣ್ರೀ."

ಅವನು ಡೀಸೆಲ್ ಡಬ್ಬಿ ಎತ್ತಿ ಅಲ್ಲಾಡಿಸಿ ನೋಡಿದ. "ನಿಮ್ಮ ಕೂಲರ್ ಆಫ್ ಮಾಡಿ. ಫ್ರಿಜ್ಜೂ. ಫ್ಯೂಸ್ ಹಾರಿದ್ರೆ ನನ್ನನ್ನ ಬೈಬೇಡಿ."

ಆಗಸ್ಟ್ ತಿಂಗಳು. ಕೂಲರ್ ಆಫ್ ಮಾಡಿದೆವು. ನಾದಿನಿಯನ್ನು ಇಸ್ತ್ರಿಪೆಟ್ಟಿಗೆಯ ಸಮೇತ ಪಕ್ಕದ ಮನೆಗೆ ಕಳಿಸಿದೆ. ಸಬೀಹಾ ಬಾಗಿಲಿಗೆ ಅಡ್ಡ ಕುಳಿತಳು. ರುಸುಲ್ ಪ್ರಯಾಣದ ಬಟ್ಟೆಯಲ್ಲೇ, ಕೈಚೀಲ ತೊಡೆಯ ಮೇಲಿಟ್ಟುಕೊಂಡು, ಗೋಡೆಯ ಪಕ್ಕದ ಸ್ಟೂಲಿನ ಮೇಲೆ. ಎರಡೂವರೆಗೆ ಗುಂಡಿ ಒತ್ತಿದೆ.

ಶೇಕಡಾ ನಲವತ್ತು. ಅರವತ್ತು. ಯಾರೂ ಮಾತಾಡಲಿಲ್ಲ, ಮಾತಿಗೂ ಕರೆಂಟು ಖರ್ಚಾಗುತ್ತದೆ ಅನ್ನುವ ಹಾಗೆ. ಶೇಕಡಾ ತೊಂಬತ್ತೊಂದರಲ್ಲಿ ಸರಕಾರಿ ಕರೆಂಟು ಬಂತು. ಓಣಿಯ ತುಂಬ "ಬಂತು! ಬಂತು!" ಎಂಬ ಕೂಗು. ಅಬು ನವ್ರಸ್ ಮಾತಿಗೆ ತಪ್ಪಲಿಲ್ಲ, ಜನರೇಟರ್ ಓಡುತ್ತಲೇ ಇತ್ತು.

ಆದರೆ ನಮ್ಮ ಮನೆಗಳಲ್ಲಿ ಗೋಡೆಯ ಮೇಲೆ ಒಂದು ಹಿಡಿ ಇರುತ್ತದೆ. ಕೆಳಗಿದ್ದರೆ ಜನರೇಟರ್, ಮೇಲಕ್ಕೆ ತಳ್ಳಿದರೆ ಸರಕಾರಿ, ನಡುವೆ ಒಂದು ಕ್ಷಣ ಎರಡೂ ಇಲ್ಲ. "ಬಂತು" ಎಂದು ಕಿವಿಗೆ ಬಿದ್ದರೆ ಯಾರು ಹತ್ತಿರವಿದ್ದಾರೋ ಅವರ ಕೈ ತಾನಾಗಿ ಏಳುತ್ತದೆ. ಹತ್ತಿರವಿದ್ದವಳು ರುಸುಲ್.

ಎದ್ದಳು, ತಳ್ಳಿದಳು, ಕುಳಿತಳು. ಪರದೆ ಕಪ್ಪಾಯಿತು. ಆಮೇಲೆ ತನ್ನ ಕೈಯನ್ನು ನೋಡಿಕೊಂಡಳು.

"ಅಯ್ಯೋ ನನ್ನಪ್ಪಾ, ನೀನೇ ಏನೇ!" ಎಂದು ಸಬೀಹಾ ಎದೆ ಬಡಿದುಕೊಂಡಳು.

"ಬೈಬೇಡ ಅವಳನ್ನ," ಎಂದೆ. "ನಾನು ನಿದ್ದೇಲೂ ಎದ್ದು ತಳ್ಳಿ ಮಲಗಿದ್ದೀನಿ."

ರುಸುಲ್ ಅಳಲಿಲ್ಲ. "ಖಾಲಾ, ಎಂಟು ತಿಂಗಳಲ್ಲಿ ಮುಸನ್ನಾ ನನ್ನ ಮುಖ ಮರೀತಾರಾ?" ಎಂದಳು. ಅಳುವುದಕ್ಕಿಂತ ಅದೇ ಕಷ್ಟವಾಯಿತು ಕೇಳಲು.

ಕ್ಯಾಮೆರಾ ಚೀಲವನ್ನು ಕಪಾಟಿನಿಂದ ಇಳಿಸಿದೆ. ಆ ವಾರ ಇನ್ನೆರಡು ಮದುವೆಯ ವಿಡಿಯೊಗೆ ನಾನು ಒಪ್ಪಿಕೊಂಡಿದ್ದೆ. ಟೇಪು ಹಾಕಿ, ಅವಳ ಮದುವೆ ಶುರುವಾಗುವ ಜಾಗಕ್ಕೆ ತಂದು ನಿಲ್ಲಿಸಿದೆ.

"ತಗೋ, ಇದರಲ್ಲೇ ತೋರಿಸು. ಈ ಗುಂಡಿ ಒತ್ತಿದ್ರೆ ಓಡುತ್ತೆ, ಇದನ್ನ ಒತ್ತಿದ್ರೆ ನಿಲ್ಲುತ್ತೆ. ಹಿಂದಕ್ಕೆ ಮಾತ್ರ ತಿರುಗಿಸಬೇಡ. ಅಲ್ಲಿ ಇನ್ನೊಂದು ಮದುವೆಯಿದೆ, ವಕೀಲರ ಮನೆ ಹೆಂಗಸರಿದ್ದಾರೆ."

"ಖಾಲಾ, ಇದು ನಿಮ್ಮ ಹೊಟ್ಟೆಪಾಡು."

"ಅದಕ್ಕೇ ಹೇಳ್ತಿರೋದು, ಬೀಳಿಸಬೇಡ."

ಸಬೀಹಾ ನನಗೆ ಕೊಡಲು ಬಳೆ ಬಿಚ್ಚತೊಡಗಿದಳು. "ಹಾಕ್ಕೊಳ್ಳೇ ಮಾರಾಯ್ತಿ," ಎಂದೆ, "ಕಾರು ಹಾರ್ನ್ ಹೊಡೀತಿದೆ."

ರುಸುಲ್ ತನ್ನ ಚಿಕ್ಕಪ್ಪನ ಜೊತೆ ಹೊರಟಳು. ಆ ಎರಡು ಮದುವೆಯವರಿಗೆ ನನಗೆ ಜ್ವರ ಎಂದು ಹೇಳಿ ಕಳಿಸಿದೆ.

ಭಾನುವಾರ ಸಂಜೆ ಫೋನು ಬಂತು. ಸಬೀಹಾ ನನ್ನ ಕಿವಿಗೆ ಕಿವಿ ಅಂಟಿಸಿ ನಿಂತಿದ್ದಳು.

"ಖಾಲಾ, ಹೊರಗಿನ ಡಿಸ್ಕನ್ನ ಅವರ ಕಂಪ್ಯೂಟರಿಗೆ ಹಾಕೋ ಹಾಗೇ ಇಲ್ವಂತೆ! ಕ್ಯಾಮೆರಾದ ಪುಟ್ಟ ಪರದೇಲೇ ನೋಡಿದ್ರು, ಚಿನ್ನ ತೊಡಿಸೋದನ್ನ. ಆಮೇಲೆ ಪಾಸ್‌ಪೋರ್ಟ್ ಇಟ್ಕೊಂಡ್ರು."

ಪಾಸ್‌ಪೋರ್ಟ್ ಇಟ್ಟುಕೊಂಡರೆ ಕೆಲಸ ಆದಂತೆ. ಸಬೀಹಾ ಮುಖ ಮುಚ್ಚಿಕೊಂಡು ಅಳತೊಡಗಿದಳು. ಮಗಳು ಹೋಗುವುದಿಲ್ಲವೇನೋ ಎಂದು ಎರಡು ದಿನ ಅತ್ತಿದ್ದಳು. ಇದು ಬೇರೆ ಅಳು, ಹೋಗುತ್ತಾಳೆ ಅನ್ನುವುದಕ್ಕೆ.